ಮನೆಯ ಇಂಟರ್ನೆಟ್ ನಿಧಾನವಾದರೆ ಹಳೆಯ ಟಿವಿಯೇ ಅಪರಾಧಿಯೆ?

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಫೈಬರ್ ತಂತಿ ಹಾಯದ ಓಣಿ ಈಗ ಅಪರೂಪ. 200 ಅಥವಾ 300 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗದ ಯೋಜನೆಗೆ ತಿಂಗಳು ತಿಂಗಳು ಹಣ ಕಟ್ಟುವ ಮನೆಗಳೂ ಸಾಕಷ್ಟಿವೆ. ಆದರೂ "ನೆಟ್ ಭಾಳ ಸ್ಲೋ ಐತ್ರಿ" ಎಂಬ ದೂರು ಕಡಿಮೆಯಾಗಿಲ್ಲ. ಈ ದೂರಿಗೆ ಸಿದ್ಧ ಉತ್ತರವೆಂಬಂತೆ ಒಂದು ಸಲಹೆ ಇತ್ತೀಚೆಗೆ ಬಾಯಿಂದ ಬಾಯಿಗೆ ಹರಡಿದೆ. ರೌಟರ್‌ಗೆ ತಂತಿಯಿಂದ ಜೋಡಿಸಿದ ಹಳೆಯ ಟಿವಿ, ಪ್ರಿಂಟರ್ ಅಥವಾ ಸಿಸಿಟಿವಿ ಪೆಟ್ಟಿಗೆ 100 ಎಂಬಿಪಿಎಸ್ ವೇಗದ್ದಾಗಿದ್ದರೆ ಅದು ಮನೆಯ ಉಳಿದೆಲ್ಲ ಸಾಧನಗಳ ವೇಗವನ್ನೂ ತನ್ನ ಮಟ್ಟಕ್ಕೆ ಇಳಿಸುತ್ತದೆ, ಆದ್ದರಿಂದ ಅದನ್ನು ಕಿತ್ತುಹಾಕಬೇಕು ಅಥವಾ ಹೊಸದನ್ನು ಕೊಳ್ಳಬೇಕು ಎಂಬುದೇ ಆ ಸಲಹೆ. ಅವಳಿ ನಗರದಲ್ಲಿ ಮನೆ ಮತ್ತು ಸಣ್ಣ ಕಚೇರಿಗಳ ನೆಟ್‌ವರ್ಕ್ ದುರಸ್ತಿಯನ್ನೇ ಉದ್ಯೋಗ ಮಾಡಿಕೊಂಡಿರುವ ನಾನು ಇದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಬಹುತೇಕ ಸಂದರ್ಭಗಳಲ್ಲಿ ಇದು ತಪ್ಪು. ಅಷ್ಟೇ ಅಲ್ಲ, ಇದನ್ನು ಪಾಲಿಸಿದ ಮನೆಗಳಲ್ಲಿ ತೊಂದರೆ ಹೆಚ್ಚಾಗುವುದೇ ರೂಢಿಯಾಗಿದೆ. ಈ ವಿಷಯವನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ.

ಧಾರವಾಡದ ಮಾಳಮಡ್ಡಿಯಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಗೆ ದೂರು ಪರಿಶೀಲಿಸಲು ಬಂದಿದ್ದ ಹುಡುಗ ನನ್ನೆದುರಿಗೇ ಹೇಳಿದ ಮಾತು ಇದು: "ಸರ್ರ, ಟಿವಿ ಹಳೇದ್ರಿ, ಅದರ ಪೋರ್ಟ್ ಬರೇ ನೂರರದ್ದು. ಅದನ್ನ ಹಚ್ಚಿದ್ದಕ್ಕ ಎಲ್ಲಾ ನಿಧಾನ ಆಗೇತ್ರಿ. ವೈರ್ ಕಿತ್ತು ವೈಫೈಗೆ ಹಾಕ್ರಿ, ಆರಾಮ ಆಗತೈತಿ." ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ಕಿಂಡಿ. ಹುಡುಗನದು ಮೋಸವಲ್ಲ, ಅವನಿಗೆ ಹಿರಿಯರು ಹಾಗೆಯೇ ಕಲಿಸಿದ್ದಾರೆ. ಆದರೆ ಆ ಮನೆಯ ಗೋಡೆಗಳು ಕಲ್ಲು-ಮಣ್ಣಿನವು, ಒಂದೊಂದೂ ಒಂದೂವರೆ ಅಡಿಯಷ್ಟು ದಪ್ಪ. ಅಂಥ ಗೋಡೆಯ ಆಚೆಗೆ ವೈಫೈ ಹೋಗುವುದಿಲ್ಲವೆಂದೇ ಮಗ ಬೆಂಗಳೂರಿನಿಂದ ಬಂದಾಗ ಹಟ ಹಿಡಿದು ಟಿವಿಯವರೆಗೆ ತಂತಿ ಎಳೆಸಿದ್ದ. ಆ ತಂತಿಯನ್ನು ಕಿತ್ತ ದಿನದಿಂದ ಟಿವಿಯಲ್ಲಿ ಚಿತ್ರ ನಿಂತು ನಿಂತು ಬರತೊಡಗಿತು, ಜೊತೆಗೆ ಪಡಸಾಲೆಯಲ್ಲಿ ಸರಿಯಾಗಿದ್ದ ಮೊಬೈಲ್‌ಗಳೂ ತಡವರಿಸತೊಡಗಿದವು.

ಹೀಗೇಕೆ ಆಯಿತೆಂಬುದನ್ನು ಹೇಳುವ ಮೊದಲು ಈ ನಂಬಿಕೆ ಎಲ್ಲಿಂದ ಬಂತೆಂದು ನೋಡಬೇಕು, ಏಕೆಂದರೆ ಅದು ಪೂರ್ತಿ ಗಾಳಿಸುದ್ದಿಯಲ್ಲ. ಜೋಡಿ ತಿರುಚಿದ ತಾಮ್ರದ ತಂತಿಯಲ್ಲಿ 10 ಎಂಬಿಪಿಎಸ್ ವೇಗದ ಈಥರ್ನೆಟ್ (ಕಂಪ್ಯೂಟರ್‌ಗಳನ್ನು ತಂತಿಯಿಂದ ಕೂಡಿಸುವ ಪದ್ಧತಿ) ಮಾನದಂಡ ಬಂದದ್ದು 1990ರಲ್ಲಿ. 100ರ ವೇಗಕ್ಕೆ 1995ರಲ್ಲಿ, 1000ದ ವೇಗಕ್ಕೆ, ಅಂದರೆ ನಾವು ಗಿಗಾಬಿಟ್ ಎನ್ನುವುದಕ್ಕೆ, 1999ರಲ್ಲಿ ಮಾನದಂಡ ಸಿದ್ಧವಾಯಿತು. ಆರಂಭದ ಆ ದಿನಗಳಲ್ಲಿ ಕಂಪ್ಯೂಟರ್‌ಗಳನ್ನು ಕೂಡಿಸಲು ಹೆಚ್ಚಾಗಿ ಬಳಸುತ್ತಿದ್ದುದು ಹಬ್ ಎಂಬ ಪೆಟ್ಟಿಗೆ. ಹಬ್‌ಗೆ ಬುದ್ಧಿಯಿರಲಿಲ್ಲ. ಒಂದು ಪೋರ್ಟಿಗೆ ಬಂದ ಸಂಕೇತವನ್ನು ಉಳಿದೆಲ್ಲ ಪೋರ್ಟುಗಳಿಗೂ ಹಾಗೆಯೇ ಕಳಿಸುತ್ತಿತ್ತು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಿತ್ತು, ಇಬ್ಬರು ಒಟ್ಟಿಗೆ ಆರಂಭಿಸಿದರೆ ಎರಡೂ ಹಾಳಾಗಿ ಮತ್ತೆ ಕಳಿಸಬೇಕಿತ್ತು, ಮತ್ತು ಸಾಮಾನ್ಯ ಹಬ್‌ನಲ್ಲಿ ಎಲ್ಲರೂ ಒಂದೇ ವೇಗಕ್ಕೆ ಒಗ್ಗಿಕೊಳ್ಳಬೇಕಿತ್ತು. ಆ ಕಾಲದಲ್ಲಿ ಕೆಲಸ ಕಲಿತವರು ನಿಧಾನದ ಸಾಧನವೊಂದು ಎಲ್ಲರನ್ನೂ ಹಿಂದಕ್ಕೆಳೆಯುತ್ತದೆ ಎಂದರೆ ಅದು ಅನುಭವದ ಮಾತೇ ಆಗಿತ್ತು.

ಇಂದಿನ ರೌಟರ್‌ನ ಹಿಂಬದಿಯಲ್ಲಿರುವ ನಾಲ್ಕು ಪೋರ್ಟುಗಳ ಒಳಗೆ ಇರುವುದು ಹಬ್ ಅಲ್ಲ, ಸ್ವಿಚ್. ಪ್ರತಿ ಪೋರ್ಟೂ ತನಗೆ ಜೋಡಿಸಿದ ಸಾಧನದೊಂದಿಗೆ ಪ್ರತ್ಯೇಕವಾಗಿ ಮಾತುಕತೆ ನಡೆಸಿ, ಇಬ್ಬರಿಗೂ ಸಾಧ್ಯವಿರುವ ಅತ್ಯಧಿಕ ವೇಗವನ್ನು ಆರಿಸಿಕೊಳ್ಳುತ್ತದೆ. ಟಿವಿಯ ಪೋರ್ಟ್ 100ಕ್ಕೆ ಒಪ್ಪಿಕೊಂಡರೆ ಪಕ್ಕದಲ್ಲಿರುವ ಕಂಪ್ಯೂಟರ್‌ನ ಪೋರ್ಟ್ 1000ದಲ್ಲಿಯೇ ಇರುತ್ತದೆ. ಬಂದ ಮಾಹಿತಿಯ ಪೊಟ್ಟಣವನ್ನು ಸ್ವಿಚ್ ಮೊದಲು ತನ್ನ ಸ್ಮೃತಿಯಲ್ಲಿ ಇಳಿಸಿಕೊಂಡು, ಅದು ಯಾವ ಪೋರ್ಟಿಗೆ ಸೇರಬೇಕೋ ಅಲ್ಲಿಗೆ ಮಾತ್ರ, ಆ ಪೋರ್ಟಿನ ವೇಗದಲ್ಲಿ ಕಳಿಸುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸು ತನ್ನ ಪಥದಲ್ಲಿ ಹೋಗುವಾಗ ಪಕ್ಕದ ರಸ್ತೆಯಲ್ಲಿ ಹೊರೆ ಹೊತ್ತ ಟ್ರ್ಯಾಕ್ಟರ್ ಎಷ್ಟೇ ನಿಧಾನ ಸಾಗಿದರೂ ಬಸ್ಸಿಗೆ ಅಡ್ಡಿಯಾಗುವುದಿಲ್ಲವಷ್ಟೆ, ಸ್ವಿಚ್‌ನ ಪೋರ್ಟುಗಳ ಸಂಬಂಧವೂ ಹಾಗೆಯೇ.

ಇದಕ್ಕೆ ವಿರುದ್ಧವಾಗಿ, ವೈಫೈಯಲ್ಲಿ ಆ ಹಳೆಯ ಹಬ್‌ನ ಕಾಲದ ನಿಯಮ ಇಂದಿಗೂ ಬಹುಮಟ್ಟಿಗೆ ಜಾರಿಯಲ್ಲಿದೆ. ಒಂದು ಚಾನೆಲ್‌ನಲ್ಲಿ, ಅಂದರೆ ರೇಡಿಯೊ ಅಲೆಗಳ ಒಂದು ಪಟ್ಟಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ದೂರದಲ್ಲಿರುವ, ಸಂಕೇತ ದುರ್ಬಲವಾಗಿರುವ ಸಾಧನವೊಂದು ಅದೇ ಪೊಟ್ಟಣವನ್ನು ಕಳಿಸಿಕೊಳ್ಳಲು ಹತ್ತಿರದ ಹೊಸ ಮೊಬೈಲಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಗಾಳಿಯನ್ನು ಆಕ್ರಮಿಸಿಕೊಳ್ಳುತ್ತದೆ, ಅಷ್ಟು ಹೊತ್ತು ಉಳಿದವರು ಕಾಯಬೇಕು. ಪ್ರಾಧ್ಯಾಪಕರ ಮನೆಯಲ್ಲಿ ನಡೆದದ್ದು ಇದೇ. ತಂತಿಯಲ್ಲಿ ಯಾರ ತಂಟೆಗೂ ಹೋಗದೆ ಇದ್ದ ಟಿವಿಯನ್ನು ಎರಡು ಗೋಡೆಗಳ ಆಚೆಯಿಂದ 2.4 ಗಿಗಾಹರ್ಟ್ಸ್ ವೈಫೈಗೆ ತಂದು ಕೂಡಿಸಿದ್ದರಿಂದ ಅದು ಎಲ್ಲರ ಪಾಲಿನ ಹೊತ್ತನ್ನು ನುಂಗತೊಡಗಿತ್ತು. ಒಂದೆಡೆ ಕದಲದೆ ಕೂರುವ ಸಾಧನಗಳನ್ನು, ಅವು ಎಷ್ಟೇ ಹಳೆಯವಾಗಿರಲಿ, ತಂತಿಯಲ್ಲಿ ಇಡುವುದೇ ಮನೆಯ ಉಳಿದವರಿಗೆ ಉಪಕಾರ.

ಟಿವಿಗೆ 100ರ ಪೋರ್ಟ್ ಸಾಲದು ಎಂಬ ಇನ್ನೊಂದು ಆತಂಕವೂ ಇದೆ. 4ಕೆ ಗುಣಮಟ್ಟದ ಚಲನಚಿತ್ರವೊಂದನ್ನು ಅಂತರ್ಜಾಲದಿಂದ ನೋಡಲು ಸಾಮಾನ್ಯವಾಗಿ 15ರಿಂದ 25 ಎಂಬಿಪಿಎಸ್ ಇದ್ದರೆ ಸಾಕು. ಆದಕಾರಣ ದುಬಾರಿ ಬೆಲೆಯ ಎಷ್ಟೋ ಹೊಸ ಟಿವಿಗಳಲ್ಲಿ ಕೂಡ ತಯಾರಕರು ಇಂದಿಗೂ 100ರ ಪೋರ್ಟನ್ನೇ ಕೊಡುತ್ತಾರೆ. ಕ್ಯಾಮೆರಾಗಳ ಬೇಡಿಕೆ ಇದಕ್ಕಿಂತಲೂ ಕಡಿಮೆ. ಪ್ರಿಂಟರ್‌ನ ಮಾತಂತೂ ಬೇಡ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸರಕಾರ 2 ಎಂಬಿಪಿಎಸ್‌ಗೆ ಏರಿಸಿದ್ದು 2023ರ ಜನವರಿಯಲ್ಲಿ ಎಂಬುದನ್ನು ನೆನೆದರೆ, 100ರ ಪೋರ್ಟಿನ ಟಿವಿಯನ್ನು ಗುಜರಿಗೆ ಹಾಕುವ ಸಲಹೆ ಎಷ್ಟು ಅವಸರದ್ದೆಂದು ತಿಳಿದೀತು.

ಹಾಗಾದರೆ 300ರ ಯೋಜನೆ ಇರುವ ಮನೆಯಲ್ಲಿ ಕಂಪ್ಯೂಟರ್‌ಗೆ 300 ಏಕೆ ಬರುವುದಿಲ್ಲ? ಇಲ್ಲಿ ಒಂದು ಸುಳಿವನ್ನು ಓದುಗರು ಮನದಲ್ಲಿಟ್ಟುಕೊಳ್ಳುವುದು ಒಳಿತು. ತಂತಿಯಲ್ಲಿ ವೇಗ ಪರೀಕ್ಷೆ ಮಾಡಿದಾಗ ಎಷ್ಟು ಬಾರಿ ನೋಡಿದರೂ ಅಂಕಿ 93-95ರ ಆಸುಪಾಸಿನಲ್ಲಿ ಗೂಟ ಹೊಡೆದಂತೆ ನಿಲ್ಲುತ್ತಿದ್ದರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಕೊಂಡಿ ಇದೆ ಎಂದೇ ಅರ್ಥ. 100ರಲ್ಲಿ ಪೊಟ್ಟಣಗಳ ತಲೆಬರಹ ಮತ್ತು ನಡುವಿನ ಅಂತರಕ್ಕೆ ಹೋಗಿ ಬಳಕೆದಾರನ ಕೈಗೆ ಸಿಗುವುದು ಸುಮಾರು 95. ಗಿಗಾಬಿಟ್ ಕೊಂಡಿಯಲ್ಲಿ ಇದೇ ಲೆಕ್ಕ 940ರ ಹತ್ತಿರಕ್ಕೆ ಬರುತ್ತದೆ. ಸೇವಾದಾರರ ಕಡೆಯ ದಟ್ಟಣೆಯಿಂದ ವೇಗ ಇಳಿದಿದ್ದರೆ ಅಂಕಿ ಹೊತ್ತಿಗೊಂದು ರೀತಿ ಏರಿಳಿಯುತ್ತದೆಯೇ ಹೊರತು ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ.

ಆ 100ರ ಕೊಂಡಿಯನ್ನು ಹುಡುಕುವಾಗ ನಾನು ಮೊದಲು ನೋಡುವುದು ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನು, ಅಂದರೆ ಓಎನ್‌ಟಿಯನ್ನು. ನಮ್ಮಲ್ಲಿ ಹಂಚಿರುವ ಎಷ್ಟೋ ಓಎನ್‌ಟಿಗಳಲ್ಲಿ ಎಲ್ಲ ಪೋರ್ಟುಗಳೂ ಸಮಾನವಲ್ಲ. ಒಂದು ಗಿಗಾಬಿಟ್‌ನದು, ಉಳಿದವು 100ರವು. ಗಿಗಾಬಿಟ್ ಪೋರ್ಟಿನ ಮೇಲೆ ಸಣ್ಣಕ್ಷರದಲ್ಲಿ ಜಿಇ ಎಂದು ಬರೆದಿರುತ್ತದೆ ಅಥವಾ ಅದರ ಬಣ್ಣ ಬೇರೆಯಿರುತ್ತದೆ. ಆದರೆ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಮೇಲೆ ಆ ಅಕ್ಷರ ಓದಲು ಕನ್ನಡಕದ ಜೊತೆಗೆ ಬ್ಯಾಟರಿಯೂ ಬೇಕು. ಮನೆಯ ಸ್ವಂತ ರೌಟರ್‌ನ ತಂತಿಯನ್ನು ಕೈಗೆ ಸಿಕ್ಕ 100ರ ಪೋರ್ಟಿಗೆ ಸಿಕ್ಕಿಸಿದ್ದರೆ ಒಳಗಿನ ಸಾಧನಗಳು ಎಷ್ಟೇ ಹೊಸದಾಗಿದ್ದರೂ ಇಡೀ ಮನೆ 95ಕ್ಕೆ ಕಟ್ಟುಬೀಳುತ್ತದೆ. ತಂತಿಯನ್ನು ಒಂದು ಇಂಚು ಸರಿಸಿ ಪಕ್ಕದ ಪೋರ್ಟಿಗೆ ಹಾಕಿದರೆ ಮುಗಿಯುವ ಕೆಲಸಕ್ಕಾಗಿ ಹೊಸ ರೌಟರ್ ಕೊಂಡವರನ್ನು ಗೋಕುಲ ರಸ್ತೆಯಲ್ಲೂ ಕಂಡಿದ್ದೇನೆ, ನವನಗರದಲ್ಲೂ ಕಂಡಿದ್ದೇನೆ.

ಎರಡನೆಯ ಇಕ್ಕಟ್ಟು ರೌಟರ್‌ನಲ್ಲಿಯೇ ಇರುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ 300 ಅಥವಾ 1200 ಎಂಬ ಸಂಖ್ಯೆ ವೈಫೈಯ ತಾತ್ತ್ವಿಕ ವೇಗಗಳ ಮೊತ್ತ. ತಂತಿ ಹಾಕುವ ಪೋರ್ಟುಗಳ ವೇಗವನ್ನು ಡಬ್ಬಿಯ ಹಿಂಬದಿಯ ಕೋಷ್ಟಕದಲ್ಲಿ ಹುಡುಕಬೇಕು. ಅಲ್ಲಿ 10/100 ಎಂದಷ್ಟೇ ಇದ್ದು ಮೂರನೆಯ ಸಂಖ್ಯೆ ಇಲ್ಲದಿದ್ದರೆ, ಆ ರೌಟರ್‌ಗೆ ಹೊರಗಿನಿಂದ ಒಳಬರುವ ಬಾಗಿಲೇ 100ರದ್ದು, ಆದ್ದರಿಂದ ವೈಫೈಯ 1200ಕ್ಕೆ ಅರ್ಥವಿಲ್ಲ. ಇಂಥ ರೌಟರ್ 100ರೊಳಗಿನ ಯೋಜನೆಗೆ ನಿಶ್ಚಿಂತೆಯಿಂದ ನಡೆಯುತ್ತದೆ, ಅದನ್ನು ತೆಗಳಬೇಕಾಗಿಲ್ಲ. ಆದರೆ 300ರ ಯೋಜನೆಯ ಜೊತೆಗೆ ಅದನ್ನು ಮಾರುವುದು ಸರಿಯಲ್ಲ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ತಂತಿ. ಲ್ಯಾನ್ ಕೇಬಲ್‌ನೊಳಗೆ ಎಂಟು ಎಳೆಗಳು, ಎರಡೆರಡು ತಿರುಚಿಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. 100ರ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹೀಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ಎಳೆ ಕನೆಕ್ಟರ್‌ನ ತುದಿಯವರೆಗೆ ತಲುಪದೆ ಅರ್ಧದಲ್ಲಿ ನಿಂತಿದ್ದರೂ, ಎರಡೂ ಬದಿಯ ಸಾಧನಗಳು ಗದ್ದಲ ಮಾಡದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ದೋಷವೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕನೆಕ್ಟರ್ ಪಾರದರ್ಶಕವಾದ್ದರಿಂದ ಬೆಳಕಿಗೆ ಹಿಡಿದು ತುದಿಯಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆಗಳು ಸಾಲಾಗಿ ಹೊಳೆಯಬೇಕು. ಏಳು ಹೊಳೆದು ಒಂದು ಕಡೆ ಕಪ್ಪಾಗಿದ್ದರೆ ಕಳ್ಳ ಸಿಕ್ಕಂತೆಯೇ. ಅನೇಕ ರೌಟರ್‌ಗಳಲ್ಲಿ ಪೋರ್ಟಿನ ದೀಪದ ಬಣ್ಣವೂ ಇದನ್ನು ಹೇಳುತ್ತದೆ. ಸಾವಿರಕ್ಕೆ ಒಂದು ಬಣ್ಣ, ನೂರಕ್ಕೆ ಇನ್ನೊಂದು. ಯಾವುದಕ್ಕೆ ಯಾವುದೆಂಬುದು ತಯಾರಕರನ್ನು ಅವಲಂಬಿಸಿರುವುದರಿಂದ ಕೈಪಿಡಿ ನೋಡಬೇಕು.

ಇನ್ನೊಂದು ಸೂಕ್ಷ್ಮ ತಪ್ಪು ಕ್ರಿಂಪಿಂಗ್ ಮಾಡುವವರ, ಅಂದರೆ ಎಳೆಗಳನ್ನು ಕನೆಕ್ಟರ್‌ಗೆ ಒತ್ತಿ ಕೂಡಿಸುವವರ, ಕೈಚಳಕದಲ್ಲಿ ಅಡಗಿದೆ. ಬಳಕೆಯಲ್ಲಿರುವ ಕ್ರಮದ ಪ್ರಕಾರ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಎಳೆಗಳನ್ನು ಜೋಡಿಸಬೇಕು. ಹಸಿರು ಜೋಡಿ ನೀಲಿ ಜೋಡಿಯ ಆಚೀಚೆ ಕೂರುವುದು ವಿಚಿತ್ರವಾಗಿ ಕಂಡು, ಕೆಲವರು ಬಣ್ಣಗಳನ್ನು ಜೋಡಿಜೋಡಿಯಾಗಿ ನೇರಕ್ಕೆ ಜೋಡಿಸಿಬಿಡುತ್ತಾರೆ. ಎರಡೂ ತುದಿಗಳಲ್ಲಿ ಒಂದೇ ರೀತಿ ಮಾಡಿರುವುದರಿಂದ ಎಂಟು ದೀಪಗಳ ಅಗ್ಗದ ಟೆಸ್ಟರ್ ಎಲ್ಲವೂ ಸರಿಯೆಂದೇ ತೋರಿಸುತ್ತದೆ. ಆದರೆ ಮೂರನೆಯ ಮತ್ತು ಆರನೆಯ ಪಿನ್ನುಗಳಲ್ಲಿ ಹೋಗುವ ಸಂಕೇತ ಈಗ ಒಂದೇ ತಿರುಚಿನ ಜೋಡಿಯಲ್ಲಿ ಇರುವುದಿಲ್ಲ. ತಿರುಚಿನಿಂದ ಸಿಗಬೇಕಾದ ರಕ್ಷಣೆ ತಪ್ಪಿ, ಪಕ್ಕದ ಎಳೆಗಳ ಸಂಕೇತ ಅದರೊಳಗೆ ನುಸುಳುತ್ತದೆ. ಎರಡು ಮೀಟರ್ ಉದ್ದಕ್ಕೆ ಇದು ನಡೆದುಹೋಗುತ್ತದೆ. ಮಾಳಿಗೆಯ ಮೇಲಿನ ಕೋಣೆಗೆ ಮೂವತ್ತು ಮೀಟರ್ ಎಳೆದಾಗ ಪೊಟ್ಟಣಗಳು ಹಾಳಾಗಿ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಮತ್ತು ಮನೆಯವರು ರೌಟರ್‌ಗೆ ಶಾಪ ಹಾಕುತ್ತಾರೆ. ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಕೆಳಗಿನಿಂದ ಒಂದೇ ತಂತಿ ಎಳೆದಿರುವ ಮನೆಗಳಲ್ಲಿ ಈ ದೋಷ ಮೇಲಿಂದ ಮೇಲೆ ಸಿಗುತ್ತದೆ.

ತಂತಿಯ ಲೋಹವನ್ನೂ ನೋಡಬೇಕು. ಪೇಟೆಯಲ್ಲಿ ಕ್ಯಾಟ್-6 ಎಂಬ ಮೇಲಿನ ದರ್ಜೆಯ ಹೆಸರು ಮುದ್ರಿಸಿದ, ಆದರೆ ಒಳಗೆ ಅಲ್ಯುಮಿನಿಯಂ ಇದ್ದು ಮೇಲೆ ತೆಳ್ಳಗೆ ತಾಮ್ರ ಲೇಪಿಸಿದ ಕೇಬಲ್ ಧಾರಾಳವಾಗಿ ಸಿಗುತ್ತದೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗಾಗುತ್ತದೆ, ಸುರುಳಿಯನ್ನು ಕೈಯಲ್ಲಿ ಎತ್ತಿದರೆ ಹಗುರೆನಿಸುತ್ತದೆ. ಅದರ ವಿದ್ಯುತ್ ರೋಧ ತಾಮ್ರಕ್ಕಿಂತ ಹೆಚ್ಚು, ಎರಡು ಸಲ ಬಾಗಿಸಿದರೆ ಮುರಿಯುವ ಸ್ವಭಾವ ಬೇರೆ. ಮಾನದಂಡವು ಶುದ್ಧ ತಾಮ್ರವನ್ನೇ ಬೇಡುತ್ತದೆ. ಮನೆಯೊಳಗಿನ ದೂರಗಳಿಗೆ ನಿಜವಾದ ತಾಮ್ರದ ಕ್ಯಾಟ್-5ಇ ಸಾಕಾಗುವಾಗ ಹೆಸರಿಗಷ್ಟೇ ಕ್ಯಾಟ್-6 ಆಗಿರುವುದನ್ನು ಎಳೆಸುವುದರಲ್ಲಿ ಜಾಣತನವಿಲ್ಲ.

ಇಷ್ಟು ಹೇಳಿದ ಮೇಲೆ, ವೇಗ ಬೇರೆ ಬೇರೆಯಾಗಿರುವ ಸಾಧನಗಳು ಒಂದೆಡೆ ಸೇರಿದಾಗ ನಿಜಕ್ಕೂ ತೊಂದರೆಯಾಗುವ ಸಂದರ್ಭಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಗಿಗಾಬಿಟ್‌ನಲ್ಲಿರುವ ಕಂಪ್ಯೂಟರ್ 100ರ ಸಾಧನಕ್ಕೆ ದೊಡ್ಡ ಕಡತ ಕಳಿಸಿದಾಗ ಸ್ವಿಚ್‌ನ ಒಳಗೆ ಪ್ರತಿ ಮಿಲಿಸೆಕೆಂಡಿಗೆ 125 ಕಿಲೋಬೈಟ್ ಬರುತ್ತದೆ, ಹೊರಹೋಗುವುದು 12.5 ಮಾತ್ರ. ಸ್ಮೃತಿ 200 ಕಿಲೋಬೈಟ್ ಇದೆಯೆಂದುಕೊಂಡರೆ ಅದು ಎರಡು ಮಿಲಿಸೆಕೆಂಡು ಕಳೆಯುವುದರೊಳಗೆ ತುಂಬುತ್ತದೆ, ಉಳಿದ ಪೊಟ್ಟಣಗಳು ಬಿದ್ದುಹೋಗುತ್ತವೆ. ಸಾಮಾನ್ಯವಾಗಿ ಕಳಿಸುವವನು ಇದನ್ನು ಅರಿತು ವೇಗ ತಗ್ಗಿಸಿಕೊಳ್ಳುತ್ತಾನೆ, ಹಾನಿ ಆ ಇಬ್ಬರ ನಡುವಿನ ವ್ಯವಹಾರಕ್ಕಷ್ಟೇ ಸೀಮಿತ. ಆದರೆ ಫ್ಲೋ ಕಂಟ್ರೋಲ್ ಎಂಬ ಸೌಲಭ್ಯ ಚಾಲೂ ಇದ್ದರೆ ಸ್ವಿಚ್ ಪೊಟ್ಟಣ ಬೀಳಿಸುವ ಬದಲು ಕಳಿಸುವವನಿಗೆ "ನಿಲ್ಲು" ಎಂಬ ಸಂದೇಶ ಕೊಡುತ್ತದೆ. ಈ ಸಂದೇಶ ಯಾವ ಸಾಧನಕ್ಕೆ ಹೋಗುವ ಪೊಟ್ಟಣವೆಂದು ವಿಂಗಡಿಸುವುದಿಲ್ಲ, ಇಡೀ ಕೊಂಡಿಯನ್ನೇ ನಿಲ್ಲಿಸುತ್ತದೆ. ರೌಟರ್‌ನಿಂದ ಒಂದೇ ತಂತಿ ಹೊರಟು ಮುಂದೆ ಎಂಟು ಪೋರ್ಟಿನ ಸ್ವಿಚ್‌ಗೆ ಸೇರಿ, ಅಲ್ಲಿಂದ ಹಲವು ಸಾಧನಗಳಿಗೆ ಹೋಗಿರುವ ಕಡೆ ಒಂದು ನಿಧಾನದ ಸಾಧನಕ್ಕಾಗಿ ಎಲ್ಲರೂ ತಡೆಯಬೇಕಾಗುವುದು ಆಗ ಮಾತ್ರ. ಹುಡುಗ ಹೇಳಿದ್ದು ನಿಜವಾಗುವ ಒಂದು ಸಂದರ್ಭವೆಂದರೆ ಇದು, ಮತ್ತು ಇದಕ್ಕೆ ಪರಿಹಾರ ಫ್ಲೋ ಕಂಟ್ರೋಲ್ ಬಂದ್ ಮಾಡುವುದು. ಸಾಧನ ಬದಲಿಸಬೇಕಾಗಿಲ್ಲ.

ಹಳೆಯ ಕಚೇರಿಗಳಲ್ಲಿ ಕಾಣುವ ಇನ್ನೊಂದು ತೊಡಕು ಎರಡು ಬದಿಗಳ ಡ್ಯೂಪ್ಲೆಕ್ಸ್ ಒಂದಕ್ಕೊಂದು ಹೊಂದದಿರುವುದು. ಇಬ್ಬರೂ ಒಟ್ಟಿಗೆ ಮಾತಾಡಬಹುದಾದರೆ ಅದು ಫುಲ್ ಡ್ಯೂಪ್ಲೆಕ್ಸ್, ಸರದಿಯಂತೆ ಮಾತಾಡಬೇಕಾದರೆ ಅರ್ಧ ಡ್ಯೂಪ್ಲೆಕ್ಸ್. ಯಾರೋ ಪುಣ್ಯಾತ್ಮರು ಒಂದು ಕಾಲಕ್ಕೆ ಪ್ರಿಂಟರ್ ಅಥವಾ ಕಂಪ್ಯೂಟರ್‌ನ ಕಾರ್ಡಿನಲ್ಲಿ ವೇಗವನ್ನು "100 ಫುಲ್" ಎಂದು ಕೈಯಾರೆ ಕಟ್ಟಿಹಾಕಿರುತ್ತಾರೆ. ಎದುರಿನ ಸ್ವಿಚ್ ತಾನಾಗಿ ಹೊಂದಿಕೊಳ್ಳುವ ಕ್ರಮದಲ್ಲಿದ್ದು, ಈಚೆ ಕಡೆಯಿಂದ ಮಾತುಕತೆಗೆ ಉತ್ತರ ಬಾರದಿದ್ದಾಗ ಅದು ವೇಗವನ್ನೇನೋ ಗ್ರಹಿಸುತ್ತದೆ, ಆದರೆ ಇಬ್ಬರೂ ಒಟ್ಟಿಗೆ ಮಾತಾಡಬಹುದೇ ಎಂಬುದು ತಿಳಿಯದೆ ನಿಯಮದಂತೆ ಅರ್ಧ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಒಬ್ಬ ಕಾಯುತ್ತಾನೆ, ಇನ್ನೊಬ್ಬ ಕಾಯುವುದಿಲ್ಲ. ಪಿಂಗ್ ಮಾಡಿದರೆ, ಅಂದರೆ ಸಣ್ಣ ಪೊಟ್ಟಣವೊಂದನ್ನು ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನೋಡಿದರೆ, ಚೆನ್ನಾಗಿಯೇ ಕಾಣುವ ಕೊಂಡಿ ದೊಡ್ಡ ಕಡತ ಬಂದೊಡನೆ ಕುಸಿದುಬೀಳುತ್ತದೆ. ಎರಡೂ ಕಡೆ "ಆಟೋ" ಎಂದು ಬಿಟ್ಟರೆ ಇದು ಬಗೆಹರಿಯುತ್ತದೆ.

ಗದಗಿನ ಮುದ್ರಣಾಲಯಗಳ ಕೆಲಸಕ್ಕೆ ಹೋದಾಗ ಮೂರನೆಯ ಬಗೆಯನ್ನು ನೋಡಿದ್ದೇನೆ. ವಿನ್ಯಾಸ ಮಾಡುವವರ ಕಂಪ್ಯೂಟರ್ ಹೊಸದು, ಕಡತಗಳನ್ನಿಡುವ ಯಂತ್ರ ಹೊಸದು, ನಡುವೆ ಮೇಜಿನ ಕೆಳಗೆ ದೂಳು ತಿನ್ನುತ್ತ ಕೂತಿರುವ ಐದು ಪೋರ್ಟಿನ ಸ್ವಿಚ್ ಮಾತ್ರ 100ರದ್ದು. ಎರಡು ಗಿಗಾಬೈಟ್‌ನ ಕಡತ ಸಾಗಿಸಲು ಇಪ್ಪತ್ತು ಸೆಕೆಂಡು ಸಾಕಾಗುವಲ್ಲಿ ಮೂರು ನಿಮಿಷ ಹಿಡಿಯುತ್ತದೆ. ಮೇಜಿನ ಮೇಲಿನ ಐಪಿ ಫೋನಿನ (ನೆಟ್‌ವರ್ಕ್ ತಂತಿಯಲ್ಲಿಯೇ ನಡೆಯುವ ದೂರವಾಣಿಯ) ಹಿಂದಿರುವ ಪೋರ್ಟಿನ ಮೂಲಕ ಕಂಪ್ಯೂಟರ್‌ಗೆ ತಂತಿ ತೆಗೆದುಕೊಂಡಿರುವಲ್ಲಿಯೂ ಹೀಗೆಯೇ, ಫೋನ್ 100ರದ್ದಾಗಿದ್ದರೆ ಅದರ ಬೆನ್ನಿಗಿರುವ ಕಂಪ್ಯೂಟರ್ ಕೂಡ 100ರದ್ದೇ ಆಗುತ್ತದೆ. ಇಲ್ಲಿ ತಪ್ಪು ನಿಧಾನದ ಸಾಧನ ಪಕ್ಕದಲ್ಲಿರುವುದರಲ್ಲಿಲ್ಲ, ಅದು ದಾರಿಯ ನಡುವೆ ಇರುವುದರಲ್ಲಿದೆ. ಪಕ್ಕದ್ದು ಮತ್ತು ನಡುವಿನದ್ದು ಎಂಬ ಈ ವ್ಯತ್ಯಾಸ ತಿಳಿಯದೆಯೇ ಜನರು ಸಾವಿರಾರು ರೂಪಾಯಿ ಖರ್ಚು ಮಾಡುತ್ತಿರುವುದು.

ಸಿಸಿಟಿವಿಯ ಮೇಲಿನ ಅಪವಾದದಲ್ಲಿಯೂ ಸ್ವಲ್ಪ ಹುರುಳಿದೆ, ಆದರೆ ಕಾರಣ ಪೋರ್ಟಿನ ವೇಗವಲ್ಲ. ಕ್ಯಾಮೆರಾಗಳು ಮನೆಯೊಳಗಿನ ರೆಕಾರ್ಡರ್‌ಗೆ ಮಾತ್ರ ಚಿತ್ರ ಕಳಿಸುತ್ತಿದ್ದರೆ ಇಂಟರ್ನೆಟ್ಟಿಗೆ ಅದರ ಸೋಂಕೂ ತಗಲದು. ನಾಲ್ಕಾರು ಕ್ಯಾಮೆರಾಗಳ ಚಿತ್ರವನ್ನು ಇಡೀ ದಿನ ಕ್ಲೌಡಿಗೆ ಏರಿಸುತ್ತಿದ್ದರೆ, ಮೇಲ್ಮುಖ ವೇಗ ಕಡಿಮೆಯಿರುವ ಯೋಜನೆಗಳಲ್ಲಿ ಆ ದಾರಿ ತುಂಬಿಹೋಗುತ್ತದೆ. ಕೆಳಮುಖವಾಗಿ ಬಂದ ಮಾಹಿತಿಗೆ "ತಲುಪಿತು" ಎಂಬ ಸಣ್ಣ ಉತ್ತರಗಳೂ ಅದೇ ದಾರಿಯಲ್ಲಿ ಸರದಿ ನಿಲ್ಲಬೇಕಾದ್ದರಿಂದ ಎಲ್ಲವೂ ನಿಧಾನವೆನಿಸುತ್ತದೆ. ಕ್ಯಾಮೆರಾ ಚಾಲೂ ಇದ್ದಾಗ ಮತ್ತು ಬಂದ್ ಇದ್ದಾಗ ಪಿಂಗ್ ಸಮಯವನ್ನು ಹೋಲಿಸಿದರೆ ಸತ್ಯ ತಿಳಿಯುತ್ತದೆ. 10 ಮಿಲಿಸೆಕೆಂಡು ಇದ್ದದ್ದು ನೂರಾರು ಆಗುತ್ತಿದ್ದರೆ ಕ್ಯಾಮೆರಾದ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) ಇಳಿಸಬೇಕು ಅಥವಾ ರೌಟರ್‌ನಲ್ಲಿ ಮೇಲ್ಮುಖ ಹರಿವಿಗೆ ಮಿತಿ ಹಾಕಬೇಕು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಅಗ್ಗದ ರೌಟರ್‌ಗಳಲ್ಲಿ ಇಂಥ ನಿಯಂತ್ರಣ ಚಾಲೂ ಮಾಡಿದೊಡನೆ ವೇಗವರ್ಧಕ ಸೌಲಭ್ಯ ಬಂದ್ ಆಗಿ ಎಲ್ಲ ಭಾರ ಸಣ್ಣ ಪ್ರೊಸೆಸರ್ ಮೇಲೆ ಬೀಳುವುದುಂಟು, ಆಗ ಒಟ್ಟು ವೇಗವೇ ಇಳಿಯುತ್ತದೆ.

ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಕಂಪನಿಯಿಂದ ಬಂದ ಸಣ್ಣ ಕೇಬಲ್‌ನಿಂದ ನೇರವಾಗಿ ಓಎನ್‌ಟಿಯ ಗಿಗಾಬಿಟ್ ಪೋರ್ಟಿಗೆ ಹಚ್ಚಿ ವೇಗ ನೋಡಬೇಕು. ಅಲ್ಲಿಯೇ ಕಡಿಮೆಯಿದ್ದರೆ ದೂರು ಸೇವಾದಾರರಿಗೆ ಸಲ್ಲಬೇಕಾದ್ದು. ಒಂದೇ ಫೈಬರಿನ 2.5 ಗಿಗಾಬಿಟ್ ಅನ್ನು ಹತ್ತಾರು ಮನೆಗಳು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಸಂಜೆಯ ಹೊತ್ತು ಇಕ್ಕಟ್ಟಾಗುವುದು ಅಸಾಧ್ಯವೇನಲ್ಲ. ಅಲ್ಲಿ ಸರಿಯಿದ್ದರೆ ರೌಟರ್‌ನ ಬಳಿ, ನಂತರ ಗೋಡೆಯೊಳಗಿನ ತಂತಿಯ ಆಚೆ ತುದಿಯಲ್ಲಿ, ಹೀಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಬೇಕು. ವೇಗ ಎಲ್ಲಿ ಬಿದ್ದಿತೋ ಆ ಹೆಜ್ಜೆಯಲ್ಲಿಯೇ ದೋಷ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟ ತೆರೆದರೆ ಲಿಂಕ್ ಸ್ಪೀಡ್ ಎಂಬಲ್ಲಿ 1000/1000 ಅಥವಾ 100/100 ಎಂದು ಇರುತ್ತದೆ, ಅದೊಂದನ್ನು ನೋಡಿದರೆ ಅರ್ಧ ಕೆಲಸ ಆದಂತೆ. ಮೊಬೈಲ್‌ನಲ್ಲಿ ವೈಫೈ ಮೂಲಕ ಮಾಡಿದ ಪರೀಕ್ಷೆಯಿಂದ ತಂತಿಯ ಗುಣದೋಷ ತಿಳಿಯದು. ಅಂದ ಹಾಗೆ, ಕಡತ ಇಳಿಸಿಕೊಳ್ಳುವಾಗ ಪರದೆಯ ಮೇಲೆ 12 ಎಂದು ಕಂಡು ಗಾಬರಿಯಾಗುವವರು, ಅದು ಮೆಗಾಬೈಟ್ ಲೆಕ್ಕವೆಂದೂ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಎಂದೂ ಗಮನಿಸಬೇಕು.

ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬೀಳುವ ಗುಡುಗು-ಸಿಡಿಲಿನ ಮಳೆಯ ನಂತರ ಹುಟ್ಟಿಕೊಳ್ಳುವ ದೂರುಗಳದು ಬೇರೆಯೇ ಜಾತಿ. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಅಂಗಳದ ಕ್ಯಾಮೆರಾಕ್ಕೆ ಎಳೆದ ತಾಮ್ರದ ತಂತಿ ಮತ್ತು ಅಡಾಪ್ಟರ್ ಒಯ್ಯುತ್ತವೆ. ಆಘಾತಕ್ಕೆ ಸಿಕ್ಕ ಪೋರ್ಟ್ ಪೂರ್ತಿ ಸಾಯದೆ ಅರ್ಧಜೀವವಾಗಿ, ಒಮ್ಮೆ 1000, ಒಮ್ಮೆ 100, ಒಮ್ಮೆ ಏನೂ ಇಲ್ಲ ಎಂಬಂತೆ ಹೊಯ್ದಾಡುವುದುಂಟು. ಮಳೆಗಾಲಕ್ಕೆ ಮೊದಲು ಸರಿಯಿದ್ದದ್ದು ನಂತರ ಕೆಟ್ಟಿದ್ದರೆ ಅದೇ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡುವುದು ಮೊದಲ ಕೆಲಸವಾಗಬೇಕು.

ಈ ಪತ್ರದ ಮೂಲಕ ಸೇವಾದಾರರಲ್ಲಿ ಮತ್ತು ಅವರ ಪರವಾಗಿ ಮನೆಗೆ ಬರುವ ಸಿಬ್ಬಂದಿಯ ಮೇಲ್ವಿಚಾರಕರಲ್ಲಿ ಒಂದು ವಿನಂತಿಯಿದೆ. ಸಂಪರ್ಕ ಕೊಟ್ಟ ದಿನ ವೈಫೈಯಲ್ಲಿ ಅಲ್ಲ, ತಂತಿಯಲ್ಲಿ ವೇಗ ಪರೀಕ್ಷಿಸಿ ತೋರಿಸಬೇಕು. ಓಎನ್‌ಟಿಯ ಯಾವ ಪೋರ್ಟ್ ಗಿಗಾಬಿಟ್‌ನದು, ರೌಟರ್ ಯಾವ ಪೋರ್ಟಿಗೆ ಕೂಡಿದೆ, ಕೊಂಡಿಯ ವೇಗ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬದಿಗೆ ಅಂಟಿಸಿ ಹೋಗಬೇಕು. ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ರೌಟರ್ ಮಾರುವ ಅಂಗಡಿಯವರು ಬಿಲ್ಲಿನಲ್ಲಿ ವೈಫೈ ವೇಗದ ಜೊತೆಗೆ ಪೋರ್ಟಿನ ವೇಗವನ್ನೂ, ಕೇಬಲ್ ಮಾರುವವರು ಅದು ಪೂರ್ಣ ತಾಮ್ರವೋ ಲೇಪದ್ದೋ ಎಂಬುದನ್ನೂ ಬರೆಯಬೇಕು. ಗ್ರಾಹಕರೂ ಬರೆಯಿಸಿಕೊಳ್ಳಬೇಕು. ನಮ್ಮ ಐಟಿಐ ಮತ್ತು ಡಿಪ್ಲೊಮಾ ಕಾಲೇಜುಗಳಲ್ಲಿ ಕ್ರಿಂಪಿಂಗ್ ಕಲಿಸುವಾಗ ಎಂಟು ದೀಪ ಉರಿದವೆಂದು ಅಂಕ ಕೊಟ್ಟು ಕಳಿಸದೆ, ಆ ಕೇಬಲ್‌ನಲ್ಲಿ ಗಿಗಾಬಿಟ್ ಕೊಂಡಿ ನಿಂತು ದೊಡ್ಡ ಕಡತವೊಂದು ದೋಷವಿಲ್ಲದೆ ಸಾಗಿತೇ ಎಂದು ಪರೀಕ್ಷಿಸುವ ರೂಢಿ ಬಂದರೆ, ನಾಳೆ ನಮ್ಮ ಮನೆಗಳಿಗೆ ಬರುವ ಹುಡುಗರು ಟಿವಿಯತ್ತ ಬೆರಳು ತೋರಿಸುವ ಮೊದಲು ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿಯಾರು.

ಹಾಗೆಯೇ, ಎಷ್ಟೋ ಮನೆಗಳಲ್ಲಿ ರೌಟರ್‌ನ ಆಡಳಿತ ಪುಟದ ಗುಪ್ತಪದ ಮನೆಯವರಿಗೆ ಗೊತ್ತಿರುವುದಿಲ್ಲ, ಅದನ್ನು ಹಾಕಿದ ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರುತ್ತಾನೆ. ಪೋರ್ಟಿನ ವೇಗವನ್ನು ತೋರಿಸುವುದು ಬಹಳ ರೌಟರ್‌ಗಳಲ್ಲಿ ಆ ಪುಟವೇ. ಗುಪ್ತಪದವನ್ನೂ ಆ ಚೀಟಿಯ ಜೊತೆಗೆ ಮನೆಯವರ ಕೈಗೆ ಕೊಡುವುದು ಕಡ್ಡಾಯವಾಗಲಿ.

ಇಂತಿ ತಮ್ಮ ವಿಶ್ವಾಸಿ,
ನೆಟ್‌ವರ್ಕ್ ದುರಸ್ತಿಗಾರನಾದ ಓದುಗ
ವಿದ್ಯಾನಗರ, ಹುಬ್ಬಳ್ಳಿ